ಕೌದಿ ಹೊಲಿಗೆಯ ನಕಾಶೆ

ನಕಾಶೆ ನೋಡಲು ಬಂದವರು ಮೊದಲು ಮಾಡುವ ಕೆಲಸ ತಮ್ಮ ಊರನ್ನು ಹುಡುಕುವುದು. ಮಣ್ಣಿನ ನಕಾಶೆ ಇರಲಿ, ಮಳೆಯದಿರಲಿ, ಖನಿಜದ್ದೇ ಇರಲಿ, ಬಂದ ಕೆಲಸ ಆಮೇಲೆ. ಮೊದಲು ತೋರುಬೆರಳು ಹಾಳೆಯ ಮೇಲೆಲ್ಲ ಅಲೆದಾಡಿ, ಊರು ಸಿಕ್ಕ ಕೂಡಲೇ ಅಲ್ಲಿ ಒತ್ತಿ ನಿಲ್ಲುತ್ತದೆ. “ಇಲ್ಲೈತಿ ನೋಡ್ರಿ!” ಅನ್ನುವಾಗ ಊರನ್ನು ತಾವೇ ಕಟ್ಟಿಸಿದಷ್ಟು ಹೆಮ್ಮೆ ಅವರ ಮುಖದಲ್ಲಿ. ಕೊಪ್ಪಳದ ನಮ್ಮ ಗ್ರಂಥಾಲಯದಲ್ಲಿ ವರ್ಷಗಟ್ಟಲೆ ಹೀಗೇ ನಡೆದು, ಹಳೆಯ ನಕಾಶೆಗಳಲ್ಲಿ ಕುಷ್ಟಗಿ ಮಸುಕಾಗಿದೆ, ಗಂಗಾವತಿ ಎಣ್ಣೆ ಹಿಡಿದಿದೆ, ಯಲಬುರ್ಗಾದ ಅಕ್ಷರ ಅಳಿಸಿಯೇ ಹೋಗಿದೆ. ಬೆಂಗಳೂರು ಮಾತ್ರ ಅಚ್ಚಾದ ದಿನ ಹೇಗಿತ್ತೋ ಹಾಗೇ ಇದೆ.

ಕೊಪ್ಪಳದ ಗತಿ ಇನ್ನೂ ಕೆಟ್ಟದ್ದು. ಮಣ್ಣಿನ ದೊಡ್ಡ ನಕಾಶೆಯಲ್ಲಿ ಕೊಪ್ಪಳ ಇದ್ದ ಜಾಗದಲ್ಲಿ ಹೆಬ್ಬೆರಳು ತೂರುವಷ್ಟು ತೂತು ಬಿದ್ದಿತ್ತು.

ಆ ನಕಾಶೆ ನಮ್ಮ ತಾಲೂಕುಗಳೆಲ್ಲ ಇನ್ನೂ ರಾಯಚೂರು ಜಿಲ್ಲೆಯೊಳಗೆ ಇದ್ದಾಗಿನದು. ಬೆನ್ನಿಗೆ ಬಟ್ಟೆ ಅಂಟಿಸಿ, ಮೇಲೆ ಕೆಳಗೆ ಕೋಲು ಹಾಕಿ ಗೋಡೆಗೆ ತೂಗುಹಾಕುವಂಥದ್ದು. ಮೇಲಿನ ಮಹಡಿಯ ನಕಾಶೆ ಕೋಣೆ ನನ್ನ ವಶಕ್ಕೆ ಬಂದಾಗಿನಿಂದ ಅದರ ಮೇಲೆ ನನಗೆ ಒಂದು ಕೈ ಹೆಚ್ಚು ಪ್ರೀತಿ. ದುರಸ್ತಿಗೆ ಕಳಿಸಿ ಎಂದು ಪತ್ರ ಬರೆದು ಬರೆದು ಸಾಕಾಗಿತ್ತು. ಒಂದು ದಿನ ಬೇಸತ್ತು, “ಇದನ್ನ ಯಾರರ ಹೊಲದು ಕೊಟ್ರ ಅವರ ಕಾಲಿಗೆ ಬೀಳ್ತೀನಿ” ಅಂದುಬಿಟ್ಟೆ. ಅಲ್ಲೇ ಆಯಿ ಕಸ ಗುಡಿಸುತ್ತಿದ್ದಳು.

ಆಯಿ ನಮ್ಮಲ್ಲಿ ದಿನಗೂಲಿಯ ಮೇಲೆ ಕಸ ಗುಡಿಸುವವಳು. ಹುಟ್ಟಿದ್ದು ತಳಕಲ್ಲಿನಲ್ಲಿ, ಮದುವೆಯಾಗಿ ಬಂದದ್ದು ಕೊಪ್ಪಳಕ್ಕೆ. ಓದು ಬಾರದು. ಮಧ್ಯಾಹ್ನ ರೊಟ್ಟಿ ತಿಂದಾದ ಮೇಲೆ ಹಿಂದಿನ ಕಟ್ಟೆಯ ಮೇಲೆ ಕೂತು ಹಳೆಯ ಸೀರೆ, ಅಂಗಿಗಳ ತುಂಡು ಸೇರಿಸಿ ಕೌದಿ ಹೊಲಿಯುತ್ತಾಳೆ. ಮಳೆಗಾಲಕ್ಕೆ ಮೊದಲು ನಕಾಶೆಗಳನ್ನೆಲ್ಲ ಬಿಚ್ಚಿ ಗಾಳಿಗೆ ಹರಡಿ, ಒಣಗಿದ ಬೇವಿನೆಲೆಯ ಗಂಟು ಇಟ್ಟು ಮತ್ತೆ ಸುತ್ತುವುದು ನಾವಿಬ್ಬರೂ ಸೇರಿ ಮಾಡುವ ಕೆಲಸ. ಆಗೆಲ್ಲ ಅವಳು ನನ್ನನ್ನು ಕಾಡಿಸುತ್ತಿದ್ದಳು: “ನಿಮ್ಮ ನಕಾಶಿ ಅಂದ್ರ ನಮ್ಮ ಕೌದಿನ ಬಿಡ್ರಿ ಅಕ್ಕಾರ. ಬಣ್ಣಬಣ್ಣದ ತುಂಡು, ನಡುವ ಗೆರಿ.”

ಅಕ್ಕನ ಮಗಳ ಮದುವೆಗೆಂದು ನಾಲ್ಕು ದಿನ ರಜೆ ಹಾಕಿ ಕಾರಟಗಿಗೆ ಹೋಗಿದ್ದೆ. ತಿರುಗಿ ಬಂದ ಬೆಳಿಗ್ಗೆ ಮೆಟ್ಟಿಲು ಹತ್ತುವಾಗಲೇ ಮೇಲಿನಿಂದ ನಗು ಕೇಳಿಸಿತು. ಪರೀಕ್ಷೆಗೆ ಓದಲು ಬರುವ ಹುಡುಗ ಹುಡುಗಿಯರು ಮಣ್ಣಿನ ನಕಾಶೆಯ ಸುತ್ತ ನಿಂತು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದರು.

“ಅಕ್ಕಾರ, ಕೊಪ್ಪಳಕ್ಕ ಸಮುದ್ರ ಬಂದೈತ್ರಿ!” ಅಂದಳು ಒಬ್ಬಳು.

ನಿಜವಾಗಿಯೂ ಬಂದಿತ್ತು. ತೂತಿದ್ದ ಜಾಗದಲ್ಲಿ ಅಂಗೈಯಗಲದ ನೀಲಿ ತೇಪೆ. ಗೆದ್ದಲು ಹಿಡಿದು ರದ್ದಿಗೆ ಹಾಕಿದ್ದ ಕರಾವಳಿ ನಕಾಶೆಯಿಂದ ಕತ್ತರಿಸಿದ್ದು. ಹಡಗಿನ ದಾರಿಯ ಚುಕ್ಕೆಗೆರೆಯೊಂದು ನಮ್ಮೂರಿನ ನಡುವೆ ಹಾದು ಕೆಂಪು ಮಸಾರಿ ಭೂಮಿಗೆ ಬಂದು ನಿಂತಿತ್ತು. ಸುತ್ತ ನಾಲ್ಕೂ ಅಂಚಿಗೆ, ಹರಿದಲ್ಲೆಲ್ಲ, ಕೆಂಪು ದಾರದ ಕೌದಿ ಹೊಲಿಗೆ. ಗಾದಿಗೆ ಹಾಕುವಂಥ ದಪ್ಪ ಸೂಜಿಯ ತೂತುಗಳು ಸಾಲಾಗಿ.

ಆಯಿ ಬಾಗಿಲ ಬಳಿ ಪೊರಕೆ ಹಿಡಿದು ನಿಂತಿದ್ದಳು. ಮುಖದಲ್ಲಿ ತಡೆಹಿಡಿದ ನಗು. ನಾನು ಏನು ಅನ್ನುತ್ತೇನೋ ಎಂದು ಕಾಯುತ್ತಿದ್ದಳು, ಅದು ನನಗೆ ಕಂಡಿತ್ತು. ಆದರೂ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಜನ್ಮ ನನ್ನದು. ಹುಡುಗರ ನಗು ನನ್ನ ಮೇಲೇ ಎಂದು ತಿಳಿದುಕೊಂಡೆ.

“ಇದೇನ ನಿಮ್ಮ ಮನಿ ಕೌದಿ ಅಂತ ತಿಳದೀ? ನಕಾಶಿ ಸತ್ಯಾನಾಶ ಮಾಡಿಟ್ಟೀ. ಕೇಳಾರಿಲ್ಲ ಹೇಳಾರಿಲ್ಲ!”

ಎಲ್ಲರೂ ಮೊಬೈಲು ಒಳಗಿಟ್ಟರು. ಆಯಿ ಪೊರಕೆ ಎತ್ತಿಕೊಂಡು ಕೆಳಗಿಳಿದಳು.

ಮರುದಿನದಿಂದ ಅವಳು ಕೆಳಗಿನ ಓದುಕೋಣೆ ಗುಡಿಸುತ್ತಿದ್ದಳು, ಮೆಟ್ಟಿಲು ಗುಡಿಸುತ್ತಿದ್ದಳು. ಕೊನೆಯ ಮೆಟ್ಟಿಲಿನವರೆಗೆ ಬಂದು ಹಾಗೇ ತಿರುಗುತ್ತಿದ್ದಳು. ನನ್ನ ಕೋಣೆಗೆ ಕಾಲಿಡಲಿಲ್ಲ. ನಾನೂ ಕರೆಯಲಿಲ್ಲ. ಕಸ ನಾನೇ ಗುಡಿಸಿದೆ, ಅದೂ ಕೆಳಗೆ ಕೇಳಿಸುವಂತೆ ಜೋರಾಗಿ. ಆದರೆ ಮಧ್ಯಾಹ್ನ ಕಿಟಕಿಯಿಂದ ಕಟ್ಟೆಯ ಕಡೆ ನೋಡುವುದನ್ನು ಬಿಡಲಾಗಲಿಲ್ಲ. ಅವಳಿಲ್ಲದೆ ಆ ಕೋಣೆ ಬಿಕೋ ಎನ್ನುತ್ತಿತ್ತು. ಅವಳು ತಾನಾಗಿ ಮೇಲೆ ಬರಲಿ ಎಂದು ಒಳಗೊಳಗೇ ಹಂಬಲಿಸುತ್ತಿದ್ದೆ.

ಅಷ್ಟರಲ್ಲಿ ಮೇಲಿನ ಕಚೇರಿಯಿಂದ ಆದೇಶ ಬಂತು. ಕೋಣೆಯಲ್ಲಿ ಕಂಪ್ಯೂಟರ್ ಇಡಬೇಕು, ಹರಿದು ಹಾಳಾದ ನಕಾಶೆಗಳ ಪಟ್ಟಿ ಮಾಡಿ ರದ್ದಿಗೆ ಹಾಕಿ ಎಂದು. ಹಟಕ್ಕೆ ಬಿದ್ದವಳಂತೆ ಮಣ್ಣಿನ ನಕಾಶೆಯನ್ನೇ ಮೊದಲು ಬರೆದೆ. ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಬೋರಲು ಹಾಕಿ ಸುತ್ತತೊಡಗಿದೆ. ಆಗಲೇ ಅದರ ಬೆನ್ನನ್ನು ಸರಿಯಾಗಿ ನೋಡಿದ್ದು. ಹಳೆಯ ಬಟ್ಟೆ ಹೋದಲ್ಲೆಲ್ಲ ಹಸಿರು ಚುಕ್ಕಿಯ ಸೀರೆಯ ತುಂಡುಗಳಿದ್ದವು. ಆ ಸೀರೆ ನನಗೆ ಗೊತ್ತು. ನಕಾಶೆ ಗಾಳಿಗೆ ಹಾಕುವ ದಿನ ಆಯಿ ಅದನ್ನೇ ಉಟ್ಟು ಬರುತ್ತಿದ್ದಳು.

ಮೂಲೆಯಲ್ಲಿ ಹೆಬ್ಬೆರಳಿಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಎರಡು ಹೊಲಿಗೆ ಬಿಚ್ಚಿದೆ. ಐದು ಜೋಳದ ಕಾಳು.

ಯಾರೂ ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ನನ್ನ ಅವ್ವನೂ ಹಾಗೆಯೇ ಮಾಡುತ್ತಿದ್ದಳು. ಮಗಳಿಗೆ, ಮೊಮ್ಮಗುವಿಗೆ ಎಂದು ಮನಸ್ಸಿಟ್ಟು ಹೊಲಿದ ಕೌದಿಯ ಮೂಲೆಯಲ್ಲಿ ಐದು ಕಾಳಿಟ್ಟು ಉಡಿ ತುಂಬಿ ಕಳಿಸುವುದು ಅವಳ ಪದ್ಧತಿ. “ಹೊದ್ದವರ ಹೊಟ್ಟಿ ತಣ್ಣಗಿರ್ಲಿ” ಅನ್ನುತ್ತಿದ್ದಳು. ಅಂಥ ಕೌದಿ ಹೊದ್ದು ಬೆಳೆದ ನಾನು ಆಯಿಗೆ ಹತ್ತು ಜನರ ಎದುರು ಕೌದಿಯ ಹೆಸರು ಹಿಡಿದೇ ಬೈದಿದ್ದೆ. ನಾಚಿಕೆಯಿಂದ ನನಗೆ ಅಳುವೇ ಬಂತು.

ಕಾಳು ಮುಷ್ಟಿಯಲ್ಲಿ, ನಕಾಶೆ ಬಗಲಲ್ಲಿ ಹಿಡಿದು ಕಟ್ಟೆಗೆ ಹೋದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಆಯಿ, ಇದಕ್ಕ ಉಡಿ ತುಂಬಿದ್ದಿ?”

“ಇಷ್ಟು ಮಂದಿ ಬಂದು ನೋಡೋ ಸಾಮಾನ ಐತ್ರಿ. ಬರೇ ಉಡೀಲೆ ಹೆಂಗ ಕಳಸೋದು?”

“ಕಾಳಿಗೆ ಹುಳ ಬೀಳ್ತಾವ. ಆಮ್ಯಾಲ ನಕಾಶಿನೂ ತಿಂತಾವ.”

ಆಯಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. “ಅಯ್ಯ ಶಿವನ! ಕೌದಿ ಆದ್ರ ಒಗೀತೀವಿ, ಬಿಸಲಿಗೆ ಹಾಕ್ತೀವಿ. ಇದು ಹಾಳಿ ಅನ್ನೋದ ನನ್ನ ತಲಿಗೆ ಹೊಳೀಲಿಲ್ಲ ನೋಡ್ರಿ.” ಆಮೇಲೆ ಮೆಲ್ಲಗೆ, “ನೀವು ಬೈದದ್ದು ಖರೇನ ಐತಿ ಬಿಡ್ರಿ” ಅಂದಳು.

“ಖರೇ ಅಲ್ಲ ಆಯಿ. ನಂದ ತಪ್ಪಾತು.”

ಅವಳು ಮೊದಲ ಸಲ ನನ್ನ ಮುಖ ನೋಡಿದಳು. “ಕಾಲಿಗೆ ಬೀಳ್ತೀನಿ ಅಂದಿದ್ರಿ” ಅಂದಳು, ಕಣ್ಣಲ್ಲಿ ಹಳೆಯ ಕುಚೇಷ್ಟೆ. ನಾನು ನಿಜವಾಗಿಯೇ ಬಾಗಿದೆ. ಅವಳು ಗಡಬಡಿಸಿ ಕಾಲು ಎಳೆದುಕೊಂಡು ನನ್ನ ರಟ್ಟೆ ಹಿಡಿದಳು. ಕಾಳುಗಳನ್ನು ನನ್ನ ಕೈಯಿಂದ ತೆಗೆದುಕೊಂಡು ನನ್ನ ಸೆರಗಿಗೇ ಹಾಕಿ ಗಂಟು ಕಟ್ಟಿದಳು. ಮೂಲೆಯ ಹೊಲಿಗೆಯನ್ನು ಅಲ್ಲೇ ಮುಗಿಸಿದಳು.

ನೀಲಿಯನ್ನೇ ಯಾಕೆ ಆರಿಸಿದೆ ಎಂದು ಕೇಳಿದೆ. “ಅದೊಂದ ತುಂಡು ಗಟ್ಟಿ ಇತ್ರಿ. ಯಾರೂ ಮುಟ್ಟಿದ್ದಿಲ್ಲ” ಅಂದಳು. ಹೌದಲ್ಲ, ಸಮುದ್ರದಲ್ಲಿ ಯಾರ ಊರಿರುತ್ತದೆ?

ಇಬ್ಬರೂ ಸೇರಿ ನಕಾಶೆಯನ್ನು ಮೇಲೆ ತಂದು ಅದೇ ಮೊಳೆಗೆ ತೂಗುಹಾಕಿದೆವು. ಪಟ್ಟಿಯಲ್ಲಿ ಅದರ ಹೆಸರು ಹೊಡೆದುಹಾಕಿ ‘ದುರಸ್ತಿಯಾಗಿದೆ’ ಎಂದು ಬರೆದೆ. ನೀಲಿಯ ಮೇಲೆ ಪೆನ್ಸಿಲಿನಿಂದ ‘ಕೊಪ್ಪಳ’ ಎಂದು ಬರೆದೆ. ಆಯಿ ನೋಡುತ್ತ ನಿಂತಿದ್ದಳು. ಇಷ್ಟು ವರ್ಷ ಈ ನಕಾಶೆಗಳನ್ನು ಸುತ್ತಿ ಬಿಚ್ಚಿದವಳಿಗೆ ಅವಳ ಊರು ಎಲ್ಲಿದೆ ಎಂದು ನಾನು ಒಂದು ದಿನವೂ ತೋರಿಸಿರಲಿಲ್ಲ. ಅದು ಆಗಲೇ ನನಗೆ ಹೊಳೆದದ್ದು.

“ತಳಕಲ್ ಇಲ್ಲೈತಿ ನೋಡು, ಆಯಿ.” ಎರೆಭೂಮಿಗೆ ಹಚ್ಚಿದ ಕಂದು ಬಣ್ಣದಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರ.

ಅವಳು ಕೈಯನ್ನು ಸೀರೆಗೆ ಒರೆಸಿಕೊಂಡಳು. ಬೆರಳು ಚಾಚಿ, ಹಾಳೆಗೆ ಇನ್ನೂ ಒಂದು ಕಾಳಿನಷ್ಟು ದೂರವಿರುವಾಗ ತಡೆದುಕೊಂಡಳು.

“ಮುಟ್ಟು.”

“ಬ್ಯಾಡ್ರಿ. ಮುಟ್ಟಿ ಮುಟ್ಟಿನ ಕೊಪ್ಪಳ ತೂತು ಬಿದ್ದಿತ್ತು. ನಮ್ಮೂರರ ಇರ್ಲಿ.”

“ತೂತು ಬಿದ್ರ ಹೊಲ್ಯಾಕ ನೀ ಅದಿಯಲ್ಲ” ಅಂದು, ನಾನೇ ಅವಳ ಬೆರಳು ಹಿಡಿದು ತಳಕಲ್ಲಿನ ಮೇಲೆ ಇಟ್ಟೆ. ಬಹಳ ಹೊತ್ತು ಅವಳು ಅದನ್ನು ತೆಗೆಯಲಿಲ್ಲ.