ಬಸ್ಸಿನಲ್ಲಿ ಬಂದ ಬೆಳ್ಳಿ ಗೆಂಡೆ

ನಾನು ಮದುವೆಯಾಗಿ ಜತ್ತ ತಾಲೂಕಿನ ಬಿಳೂರಿಗೆ ಬಂದದ್ದು ಅರವತ್ತರ ದಶಕ ಮುಗಿಯುತ್ತಿದ್ದಾಗ. ಮನೆಯಲ್ಲಿ ಕುರಿ ಸಾಕುವ ಮಾವ, ಅವರ ಇಬ್ಬರು ಗಂಡುಮಕ್ಕಳು ಅಂದರೆ ನನ್ನ ಗಂಡ ಮತ್ತು ಭಾವ, ನನಗಿಂತ ಮೊದಲೇ ಸೊಸೆಯಾಗಿ ಬಂದಿದ್ದ ನೆಗೆಣ್ಣಿ. ಅವಳನ್ನು ಅಕ್ಕ ಎನ್ನುತ್ತಿದ್ದೆ. ನಮ್ಮಿಬ್ಬರಿಗೂ ನಗಲು ಕಾರಣ ಬೇಕಿರಲಿಲ್ಲ. ರೊಟ್ಟಿ ಹರಿದರೂ ನಗುತ್ತಿದ್ದೆವು.

ಆ ಬೇಸಿಗೆ ಹೊಲದ ಬಾವಿಯ ಮೇಲೆ ಹಸಿರು ಕೆನೆ ಕಟ್ಟಿತು. ಎಳೆ ಎಳೆಯಾದ ಪಾಚಿಯಲ್ಲ. ಯಾರೋ ಬಣ್ಣದ ಡಬ್ಬಿ ಬೋರಲು ಹಾಕಿದ ಹಾಗಿತ್ತು, ಗಬ್ಬು ನಾತ ಬೇರೆ. ಆ ನೀರು ಕುಡಿದ ಕುರಿಯೊಂದು ಸತ್ತಿತು. ಮಾವ ಬಾವಿಯ ದಾರಿಗೆ ಮುಳ್ಳು ಬಡಿದರು. ನಾವು ಹಳ್ಳದ ಒರತೆಯಿಂದ ನೀರು ಹೊರತೊಡಗಿದೆವು.

ನನ್ನ ತವರು ಮಿರಜದ ಹತ್ತಿರ, ಕೃಷ್ಣೆಯ ದಂಡೆಯಲ್ಲಿ. ಅಣ್ಣ ಅಲ್ಲಿ ಮೀನುಮರಿ ಸಾಕುವ ಕೊಳದಲ್ಲಿ ಕೆಲಸಕ್ಕಿದ್ದ. ಅಕ್ಕನನ್ನು ಕರೆದುಕೊಂಡು ತವರಿಗೆ ಹೋದಾಗ ಬಾವಿಯ ಗೋಳು ಅವನ ಮುಂದೆ ಹೇಳಿದೆ.

"ಬೆಳ್ಳಿ ಗೆಂಡಿ ಮೀನಿನ ಮರಿ ಕೊಡ್ತೀನಿ, ಒಯ್ರಿ," ಎಂದ. "ಅವು ನೀರು ಸೋಸಿ ಹಸರು ತಿಂತಾವು. ಸಗಣಿ ನೀರು ಬಾವಿಗೆ ಇಳೀದಂಗ ಒಡ್ಡು ಹಾಕ್ರಿ, ಆ ಹಸರು ಬೆಳಿಯೂದ ಅದರ ಮ್ಯಾಲ. ಮತ್ತ ಮೀನಿಗೆ ಏನೂ ಹಾಕಬ್ಯಾಡ್ರಿ. ಹಸದ್ರನ ಕೆಲಸ ಮಾಡ್ತಾವು."

"ದಾರ್ಯಾಗ ಸತ್ರ?" ಎಂದೆ.

"ಕೈಲೆ ನೀರು ಬಡಕೋತ ಹೋಗ್ರಿ. ನಿಲ್ಲಿಸಿದ್ರ ಉಸರು ಕಟ್ಟತೈತಿ."

ಹೀಗೆ ನಾವಿಬ್ಬರು ಎಸ್.ಟಿ. ಬಸ್ಸಿನಲ್ಲಿ ಮೀನುಮರಿ ತುಂಬಿದ ಎರಡು ಕೊಡಗಳನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು ಛಪ್ ಛಪ್ ಬಡಿಯುತ್ತ ಕುಳಿತೆವು. ಕಂಡಕ್ಟರ್ ಬಂದು ನಿಂತ.

"ಏನ್ರಿ ಬಾಯಿ, ಇದೇನ ಹುಚ್ಚು?"

"ಕೂಸುಗೋಳು ಅದಾವ್ರಿ," ಎಂದಳು ಅಕ್ಕ. "ತೂಗೂದು ಬಿಟ್ರ ಜೀವ ಬಿಡ್ತಾವು."

ಅವನು ಬಗ್ಗಿ ನೋಡಿದ. "ಅಯ್ಯೋ ದೇವಾ! ಇಷ್ಟೂ ಮಂದೀದು ತಿಕೀಟು ಯಾರು ತಗೀತೀರಿ?"

ಬಸ್ಸಿಗೆ ಬಸ್ಸೇ ನಕ್ಕಿತು. ನಮ್ಮ ಕೈ ಸೋತಾಗ ಹಿಂದಿನ ಸೀಟಿನ ಅಜ್ಜಿ ಬಳೆ ಮೇಲೇರಿಸಿ ಮುಂದೆ ಬಂದಳು. ಅವಳಾದ ಮೇಲೆ ತಲೆಗೆ ಪಟಗ ಸುತ್ತಿದ ಮುದುಕರೊಬ್ಬರು. ಜತ್ತ ಬರುವಷ್ಟರಲ್ಲಿ ಕಂಡಕ್ಟರನೇ ಅಂಗಿಯ ತೋಳು ಮಡಚಿ ಬಡಿಯುತ್ತಿದ್ದ, ಅರ್ಧ ಬಸ್ಸು ತೊಯ್ದಿತ್ತು.

ಮರಿಗಳನ್ನು ಬಾವಿಗೆ ಬಿಟ್ಟೆವು, ಸಗಣಿ ನೀರು ಹರಿದು ಬರುತ್ತಿದ್ದ ದನದ ಕೊಟ್ಟಿಗೆಯ ಕಡೆಗೆ ಮಣ್ಣಿನ ಒಡ್ಡು ಹಾಕಿದೆವು. ಆದರೂ ವಾರಗಟ್ಟಲೆ ಹಸಿರು ಅಲುಗಲಿಲ್ಲ. ಒಂದು ಮಧ್ಯಾಹ್ನ ನಾವಿಬ್ಬರೂ ಹೋಗಿ ನೋಡಿದರೆ ಮಾವ ಬಾವಿಯ ಮೆಟ್ಟಿಲ ಮೇಲೆ ಕುಳಿತು ರೊಟ್ಟಿ ಪುಡಿ ಮಾಡಿ ನೀರಿಗೆ ಉದುರಿಸುತ್ತಿದ್ದಾರೆ!

"ಮಾಂವಾರ, ಏನ ಮಾಡಾಕತ್ತೀರಿ?" ಎಂದೆ.

ಅವರು ಕೈ ಹಿಂದಕ್ಕೆ ಎಳೆದುಕೊಂಡರು. "ಅಷ್ಟು ದೂರಿಂದ ಕರಕೊಂಡು ಬಂದೀರಿ. ಉಪಾಸ ಹೆಂಗ ಇಡ್ಲಿ?"

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಒತ್ತಿಕೊಳ್ಳುವಷ್ಟರಲ್ಲೇ ನಗು ಹೊರಬಿತ್ತು. ಮಾವ ಗಂಭೀರವಾಗಿರಲು ನೋಡಿದರು, ಆಗಲಿಲ್ಲ. ಅಂದಿನಿಂದ ರೊಟ್ಟಿ ನಿಂತಿತು.

ಮೊದಲು ನಡುವೆ ತೂತು ಬಿದ್ದಂತೆ ಕೆನೆ ಹರಿಯಿತು. ಆಮೇಲೆ ಅಂಚಿಗೆ ಸರಿಯಿತು. ಮೀನು ತಿಂದವೋ, ಒಡ್ಡು ತಡೆಯಿತೋ, ಎರಡೂ ಸೇರಿಯೋ, ನಮಗೆ ತಿಳಿಯಲಿಲ್ಲ. ಮಳೆ ಬಂದು ಹೊಸ ನೀರು ಏರಿತು, ನಾತ ಹೋಯಿತು. ಮಾವ ಮುಳ್ಳು ಕಿತ್ತರು.

ನದಿ ದಂಡೆಯವಳಾದ ನನಗೆ ಈಜು ಬರುತ್ತಿತ್ತು. ಗಂಡಸರು ಕುರಿ ಹೊಡೆದುಕೊಂಡು ಹೋದದ್ದೇ ತಡ, ಕಚ್ಚೆ ಕಟ್ಟಿ ಬಾವಿಗೆ ಹಾರಿಬಿಟ್ಟೆ. ಏನೋ ತಣ್ಣಗೆ ಅಂಗಾಲು ಸವರಿತು. ಕಿಟಾರನೆ ಕಿರುಚಿದೆ. ಮೇಲೆ ಅಕ್ಕ ನಗುತ್ತ ನಗುತ್ತ ನಿಲ್ಲಲಾರದೆ ಮೆಟ್ಟಿಲ ಮೇಲೆ ಕುಸಿದು ಕುಳಿತಳು.