ಗೋಡೆಯ ಕಡೆ ತಿರುಗಿದ ಕುರ್ಚಿ

ನಮ್ಮ ಹಿರೇಗುತ್ತಿಯ ಸುಮಿತ್ರಕ್ಕನನ್ನು ನೆನೆದರೆ ನನಗೆ ಮೊದಲು ಕಾಣುವುದು ಅವಳ ಮುಖವಲ್ಲ, ಬೆನ್ನು. ಹೆದ್ದಾರಿ ಬದಿಯಲ್ಲಿ ಅರ್ಜಿ ತುಂಬಿಕೊಡುವ ಅವಳ ಆನ್‌ಲೈನ್ ಅಂಗಡಿಯಲ್ಲಿ ಯಾರಾದರೂ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಹೊಡೆಯಬೇಕಾದಾಗ ಅವಳು ಕೀಬೋರ್ಡನ್ನು ಅವರ ಮುಂದೆ ಸರಿಸಿ, ತನ್ನ ತಿರುಗುವ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತುಬಿಡುತ್ತಿದ್ದಳು. ಗೋಡೆಯ ಮೇಲೆ ಸೊಸೈಟಿಯವರು ಕೊಟ್ಟ ಕ್ಯಾಲೆಂಡರ್ ಇತ್ತು. ಅದನ್ನೇ ನೋಡುತ್ತ, ಸ್ವಲ್ಪ ಹೊತ್ತು ಬಿಟ್ಟು, "ಆತಾ?" ಎಂದು ಕೇಳುತ್ತಿದ್ದಳು. ಆ ಕಡೆಯಿಂದ "ಆತು" ಎಂದು ಬಂದರೆ ಮಾತ್ರ ಕುರ್ಚಿ ಈ ಕಡೆ ತಿರುಗುತ್ತಿತ್ತು. ಕ್ಯಾಲೆಂಡರ್ ನೋಡಿ ನೋಡಿ ವರ್ಷದ ಸಂಕಷ್ಟಿ, ಅಮಾವಾಸ್ಯೆ, ಸರ್ಕಾರಿ ರಜೆ ಎಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ಊರಿನವರು ತಿಥಿ ಕೇಳುವುದಕ್ಕೂ ಅವಳ ಅಂಗಡಿಗೇ ಬರುತ್ತಿದ್ದರು.

ನಾನು ಅದೇ ಅಂಗಡಿಯ ಇನ್ನೊಂದು ಮೂಲೆಯಲ್ಲಿ ಒಂದು ಕ್ಯಾಮೆರಾ, ಒಂದು ಸ್ಟೂಲು, ಹಿಂದೆ ಒಂದು ಬಿಳಿ ಬಟ್ಟೆ ಇಟ್ಟುಕೊಂಡು ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುವವನು. ಸ್ವಂತ ಸ್ಟುಡಿಯೋ ಮುಚ್ಚಿದ ಮೇಲೆ ಸುಮಿತ್ರಕ್ಕ ಆ ಮೂಲೆ ಬಿಟ್ಟುಕೊಟ್ಟಿದ್ದಳು. ಫೋಟೋ ಪ್ರಿಂಟ್ ಆಗುವುದೂ ಅವಳ ಕಂಪ್ಯೂಟರಿನಿಂದಲೇ. ಜನರ ಮುಖ ನೋಡುವುದೇ ನನ್ನ ಕಸುಬು, ಮುಖ ತಿರುಗಿಸುವುದು ಅವಳ ಕಸುಬು ಎಂದು ನಾನು ಆಗಾಗ ಕೆಣಕುವುದಿತ್ತು. ಅವಳು ನಗುತ್ತಿರಲಿಲ್ಲ. "ನೀನು ನೋಡಿದ್ದು ಫೋಟೋದಲ್ಲಿ ಎಲ್ಲರಿಗೂ ಕಾಣ್ತದೆ ಗಣಪತಣ್ಣ. ಇದು ಹಂಗಲ್ಲ" ಎಂದು ಕೆಲಸಕ್ಕೆ ಬಾಗುತ್ತಿದ್ದಳು.

ಈ ವಿಷಯದಲ್ಲಿ ಅವಳದು ವಿಪರೀತ ಮಡಿ. ಫೋನಿಗೆ ಬಂದ ಓಟಿಪಿಯನ್ನು ಯಾರಾದರೂ ಗಟ್ಟಿಯಾಗಿ ಓದಲು ಹೊರಟರೆ ಕೈ ಅಡ್ಡ ಹಿಡಿಯುತ್ತಿದ್ದಳು. ಗದ್ದೆ ನೆಟ್ಟಿಯಲ್ಲಿ ಹಾಡು ಹೇಳುವ ತಿಮ್ಮಕ್ಕಜ್ಜಿ ಎಂಬವಳಿದ್ದಳು. ಅಕ್ಷರ ಬಾರದ ಆ ಮುದುಕಿಗೆ ಪಾಸ್‌ವರ್ಡ್ ನೆನಪಿರಲಿ ಎಂದು ಸುಮಿತ್ರಕ್ಕ, ನಿನಗೆ ಬೇಕಾದ ಅಂಕಿಗಳನ್ನು ನೀನೇ ಆರಿಸಿಕೊಂಡು ಮನಸ್ಸಿನಲ್ಲಿ ಇಟ್ಟುಕೋ ಎಂದು ಹೇಳಿಕೊಟ್ಟಳು. ಮುಂದಿನ ಸಲ ಬಂದ ಅಜ್ಜಿ ಆ ಅಂಕಿಗಳನ್ನು ನೆಟ್ಟಿಯ ಹಾಡಿನ ಧಾಟಿಗೆ ಕೂಡಿಸಿ, ಹೊರಗೆ ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ ಕೇಳುವಂತೆ ಹಾಡುತ್ತ ಒಂದೊಂದೇ ಗುಂಡಿ ಒತ್ತತೊಡಗಿದಳು. ಗೋಡೆಯ ಕಡೆ ತಿರುಗಿ ಕೂತ ಸುಮಿತ್ರಕ್ಕ ಎರಡೂ ಕಿವಿ ಮುಚ್ಚಿಕೊಂಡಿದ್ದಳು. ಆಮೇಲೆ ಅಜ್ಜಿಯನ್ನು ಪಕ್ಕಕ್ಕೆ ಕೂರಿಸಿ, ಅಂಕಿ ಬದಲಿಸಲು ಹೇಳಿ, "ಹಾಡು ಬೇಕಾದ್ರೆ ಹೇಳು ಅಜ್ಜಿ, ಅಂಕಿ ಮಾತ್ರ ಹೊಟ್ಟೆ ಒಳಗೆ ಇರ್ಲಿ" ಎಂದಳು. ಅಂದಿನಿಂದ ಅಜ್ಜಿ ಬರೀ ಗುನುಗುತ್ತ ಒತ್ತುತ್ತಿದ್ದಳು.

ಇಷ್ಟೊಂದು ಕಟ್ಟುನಿಟ್ಟು ಎಂತಕ್ಕೆ ಎಂದು ನಾನು ಒಮ್ಮೆ ಕೇಳಿದ್ದೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು. ಅವಳನ್ನು ಹೊನ್ನಾವರದ ಕಡೆ ಕೊಟ್ಟಿದ್ದರು ಎಂದಷ್ಟೇ ನನಗೆ ಗೊತ್ತಿತ್ತು. "ತವರಿಂದ ನಮ್ಮ ಆಯಿ ಬರೆದ ಕಾಗ್ದ ಆ ಮನೆಗೆ ಬರ್ತಿತ್ತು. ನನ್ನ ಕೈಗೆ ಬರೂದ್ರೊಳಗೆ ಅದನ್ನ ಒಡ್ದು, ಜಗಲಿ ಮೇಲೆ ಕೂತು ಎಲ್ಲರ ಎದುರು ಓದಿ, ನಕ್ಕು, ಆಮೇಲೆ ಕೊಡ್ತಿದ್ರು. ನಾನು ಬರೆದದ್ದನ್ನೂ ಹಂಗೇ. ಕಡೆಗೆ ನಾನು ಆಯಿಗೆ ಸುಖವಾಗಿದ್ದೇನೆ ಅಂತ ಮಾತ್ರ ಬರೀತಿದ್ದೆ" ಎಂದಳು. ತವರಿಗೆ ತಿರುಗಿ ಬಂದ ಬಗ್ಗೆ ಆಚೆ ಈಚೆ ಏನೂ ಹೇಳಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ, ಜಾಲತಾಣದ ವಿಳಾಸದ ಪಕ್ಕ ಇರುವ ಸಣ್ಣ ಬೀಗದ ಗುರುತನ್ನು ಬೆರಳಿಂದ ತೋರಿಸಿ, "ಇದು ಇದ್ರೆ ನಾವು ಹೊಡ್ದದ್ದನ್ನ ದಾರಿ ಮೇಲೆ ಯಾರೂ ಓದುಕಾಗೂದಿಲ್ಲ. ಇದನ್ನ ಮಾಡಿದವ್ರು ಯಾರೋ, ಅವ್ರ ಹೊಟ್ಟೆ ತಣ್ಣಗಿರ್ಲಿ" ಎಂದಳು. ಆ ಮಾತು ಕೇಳಿದ ಮೇಲೆ ನಾನು ಅವಳನ್ನು ಕೆಣಕುವುದು ಬಿಟ್ಟೆ.

ಹೆದ್ದಾರಿ ಅಗಲ ಮಾಡಲು ಹತ್ತಿದ ಮೇಲೆ ನಮ್ಮ ಹಳೇ ಇಂಟರ್ನೆಟ್ ಲೈನಿನ ಕತೆ ಮುಗಿಯುತ್ತ ಬಂತು. ಜೆಸಿಬಿ ಮಣ್ಣು ತೋಡಿದಾಗೆಲ್ಲ ಕೇಬಲ್ಲು ಹರಿಯುತ್ತಿತ್ತು. ಜೋಡಿಸಿ ಹೋದವರು ಕುಮಟೆ ಮುಟ್ಟುವುದರೊಳಗೆ ಮತ್ತೆ ಹರಿಯುತ್ತಿತ್ತು. ಬೇಸತ್ತು, ಕಂಬದ ಮೇಲಿಂದ ತಂತಿ ಎಳೆಯುವ ಬೇರೆ ಕಂಪನಿಗೆ ಬದಲಾದೆವು. ಅವರ ಹುಡುಗ ಬಂದದ್ದು ಆಯುಧಪೂಜೆಯ ಬೆಳಿಗ್ಗೆ. ಗೋಡೆಗೆ ಡಬ್ಬಿ ಹೊಡೆದು, ದೀಪ ಹತ್ತಿದ್ದನ್ನು ತೋರಿಸಿ ಹೋದ. ಕಂಪ್ಯೂಟರ್ ಹಾಕಿ ನೋಡೋಣ ಎಂದರೆ ಸುಮಿತ್ರಕ್ಕ ಒಪ್ಪಲಿಲ್ಲ. ಆಯುಧಪೂಜೆ ದಿನ ಯಂತ್ರಕ್ಕೆ ವಿಶ್ರಾಂತಿ ಎನ್ನುವುದು ಅವಳ ಲೆಕ್ಕ. ಬರೀ ಸ್ವಿಚ್ಚು ಆರಿಸಿದರೆ ಸಾಲದು, ವರ್ಷಕ್ಕೆ ಅದೊಂದು ದಿನ ಪ್ಲಗ್ಗನ್ನೂ ಕೀಳುತ್ತಿದ್ದಳು. ಧೂಳು ಒರೆಸಿ, ಕೀಬೋರ್ಡಿಗೆ ಅಕ್ಷತೆ ಹಾಕಿ, ಮಾನಿಟರಿನ ಕೆಳಗಿನ ಬಲಮೂಲೆಗೆ ದಪ್ಪಗೆ ಗಂಧ ಬಳಿದು, ಕುಂಕುಮ ಇಟ್ಟು, ಅದರ ಮೇಲೊಂದು ಗೊಂಡೆ ಹೂವು ಅಂಟಿಸಿದಳು. ನನ್ನ ಕ್ಯಾಮೆರಾಕ್ಕೂ ಒಂದು ಬೊಟ್ಟು ಬಿತ್ತು.

ಮರುದಿನ ವಿಜಯದಶಮಿ. ಅದೇ ದಿನ ನನ್ನ ಮಗಳು ಮಮತಾಳ ನರ್ಸಿಂಗ್ ಸೀಟು ಒಪ್ಪಿಕೊಳ್ಳಲು ಕೊನೆಯ ದಿನ. ಸಂಜೆ ಐದರೊಳಗೆ ಜಾಲತಾಣಕ್ಕೆ ಹೋಗಿ ಒಪ್ಪಿಗೆ ಕೊಟ್ಟು, ಅಂಕಪಟ್ಟಿ ಏರಿಸದಿದ್ದರೆ ಸೀಟು ಬೇರೆಯವರ ಪಾಲು. ಹಿಂದಿನ ವರ್ಷ ಸ್ವಲ್ಪದರಲ್ಲಿ ತಪ್ಪಿಹೋಗಿ ಅವಳು ಒಂದು ವರ್ಷ ಮನೆಯಲ್ಲಿ ಕೂತಿದ್ದಳು. ಈ ಸಲವೂ ಆಗದಿದ್ದರೆ ಗಂಡು ನೋಡುವುದೇ ಸೈ ಎಂದು ನನ್ನ ಅಣ್ಣ ಹೇಳಿ ಆಗಿತ್ತು. ಮಮತಾ ಯಾರಿಗೂ ಎದುರು ಮಾತಾಡುವ ಹುಡುಗಿಯಲ್ಲ, ಆದರೆ ಆ ವರ್ಷವಿಡೀ ಅವಳು ಸರಿಯಾಗಿ ಊಟ ಮಾಡಿದ್ದನ್ನು ನಾನು ಕಂಡಿಲ್ಲ. ಫೋನಿನಲ್ಲಿ ಆ ಜಾಲತಾಣ ಅರ್ಧ ತೆರೆದು ನಿಲ್ಲುತ್ತಿತ್ತು, ಒಪ್ಪಿಗೆಯ ಗುಂಡಿಯೇ ಕಾಣುತ್ತಿರಲಿಲ್ಲ. ಅಪ್ಪ ಮಗಳು ಇಬ್ಬರೂ ಸುಮಿತ್ರಕ್ಕನ ಅಂಗಡಿಗೆ ಬಂದೆವು.

ಅವಳು ಪ್ಲಗ್ಗು ಸಿಕ್ಕಿಸಿ, ಕೈಮುಗಿದು ಕಂಪ್ಯೂಟರ್ ಹಾಕಿ, ಅಂಕಪಟ್ಟಿ ಸ್ಕ್ಯಾನ್ ಮಾಡಿದಳು. ಜಾಲತಾಣ ತೆರೆಯಲು ಹೋದರೆ ಬೀಗದ ಗುರುತಿನ ಜಾಗದಲ್ಲಿ ಕೆಂಪು ಅಡ್ಡಗೆರೆ. ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ, ಯಾರೋ ನಿಮ್ಮ ಪಾಸ್‌ವರ್ಡ್ ಕದಿಯಬಹುದು ಎಂಬ ಎಚ್ಚರಿಕೆ ಬಂತು. ಬ್ಯಾಂಕು, ಸರ್ಕಾರಿ ಸೇವೆ ಯಾವುದನ್ನು ತೆರೆದರೂ ಅದೇ ಎಚ್ಚರಿಕೆ. ಹೊಸ ಲೈನಿನ ಹುಡುಗನಿಗೆ ಫೋನ್ ಮಾಡಿದೆವು. "ಹೊಸದರಲ್ಲಿ ಹಾಗೆ ಆಗ್ತದೆ ಅಕ್ಕ. ಅಲ್ಲೇ ಕೆಳಗೆ ಮುಂದುವರಿಯಿರಿ ಅಂತ ಇರ್ತದಲ್ಲ, ಅದನ್ನ ಒತ್ತಿ. ಎಲ್ಲರೂ ಒತ್ತೂದೇ" ಎಂದ.

ಸುಮಿತ್ರಕ್ಕ ಫೋನು ಇಟ್ಟು ಮೌಸ್‌ನಿಂದ ಕೈ ತೆಗೆದಳು. "ನಾ ಒತ್ತೂದಿಲ್ಲ."

"ಅಕ್ಕ, ಐದು ಗಂಟೆ ಒಳಗೆ ಆಗ್ಬೇಕು" ಎಂದೆ.

"ಗೊತ್ತದೆ. ಆದ್ರೆ ಆ ಕಡೆ ಯಾರು ಕೂತಿದ್ದಾರೆ ಅಂತ ಗೊತ್ತಿಲ್ದೆ ಹುಡುಗಿ ಪಾಸ್‌ವರ್ಡು ನಾ ಹೊಡೆಸೂದಿಲ್ಲ. ಅದ್ರಲ್ಲಿ ಇವಳ ಆಧಾರ್ ಅದೆ, ಫೋಟೋ ಅದೆ, ಎಲ್ಲಾ ಅದೆ. ನಾಳೆ ಇವಳ ಹೆಸರಲ್ಲಿ ಬೇರೆ ಯಾರೋ ಒಳಗೆ ಹೋಗಿ ಸೀಟು ಬೇಡ ಅಂದ್ರೆ ಎಂತ ಮಾಡೂದು?"

ನನಗೆ ಸಿಟ್ಟು ನೆತ್ತಿಗೇರಿತು. ಊರೆಲ್ಲ ಒತ್ತುವುದನ್ನು ಇವಳೊಬ್ಬಳು ಒತ್ತದಿದ್ದರೆ ಲೋಕ ಮುಳುಗುತ್ತದೆಯೇ ಎಂದು ರೇಗಿದೆ. ನಿನ್ನ ಮಗಳಾಗಿದ್ದರೆ ಒತ್ತುತ್ತಿದ್ದೆ ಎಂದೂ ಅಂದೆ. ಮಕ್ಕಳಿಲ್ಲದ ಅವಳು ನನ್ನ ಮುಂದೆ ಕೈ ಚಾಚಿದಳು. "ನನ್ನ ಮಗ್ಳಾಗಿದ್ರೆ ಇಷ್ಟೊತ್ತಿಗೆ ನಿನ್ನನ್ನ ಹೊರಗೆ ಕಳಿಸ್ತಿದ್ದೆ. ನಿನ್ನ ಫೋನ್ ಕೊಡು" ಎಂದಳು.

ನನ್ನ ಫೋನಿನ ನೆಟ್ಟನ್ನು ಕಂಪ್ಯೂಟರಿಗೆ ಕೊಟ್ಟು ನೋಡಿದೆವು. ಅಲ್ಲೂ ಅದೇ ಎಚ್ಚರಿಕೆ ಬಂತು. ಹಾಗಾದರೆ ತಪ್ಪು ಹೊಸ ಲೈನಿನದಲ್ಲ, ಈ ಕಂಪ್ಯೂಟರಿಗೇ ಏನೋ ಆಗಿದೆ ಎಂದಾಯಿತು. ಏನಾಗಿದೆ ಎಂದು ಅವಳಿಗೂ ತಿಳಿಯದು, ನನಗಂತೂ ಮೊದಲೇ ತಿಳಿಯದು. ವೈರಸ್ಸು ಇರಬಹುದೆಂದು ಅವಳು ಇನ್ನಷ್ಟು ಹೆದರಿದಳು. ಕುಮಟೆಯಲ್ಲಿ ಗುರುತಿನವರಿಗೆಲ್ಲ ಫೋನ್ ಮಾಡಿದೆವು. ಎಲ್ಲರೂ ಅಂಗಡಿಗೆ ಬಾಗಿಲು ಹಾಕಿ ಹಬ್ಬದ ಊಟಕ್ಕೆ ಕೂತಿದ್ದರು.

"ಭಟ್ಕಳಕ್ಕೆ ಹೋಗುವ" ಎಂದಳು ಸುಮಿತ್ರಕ್ಕ. "ಅಲ್ಲಿ ಜಾಲಿ ಊರಲ್ಲಿ ಜುಬೇರ್ ಭಾಯಿ ಕಂಪ್ಯೂಟರ್ ಅಂಗ್ಡಿ ಇವತ್ತೂ ತೆರ್ದಿರ್ತದೆ. ಈಗ ಬಸ್ಸು ಹತ್ತಿದ್ರೆ ಹೊನ್ನಾವರ ದಾಟಿ ಮೂರೂವರೆ ನಾಲ್ಕಕ್ಕೆ ಅಲ್ಲಿರ್ತೇವೆ." ಒಂದು ಗುಂಡಿ ಒತ್ತುವ ಬದಲು ಮೂರು ತಾಲೂಕು ದಾಟಲು ಹೊರಟವಳಿಗೆ ಏನು ಹೇಳುವುದು? ಮಮತಾಳ ಮುಖ ಬಿಳಿಚಿಕೊಂಡಿತ್ತು. ಆದರೂ ಅವಳು, ತಾನು ಅತ್ತೆ ಎಂದು ಕರೆಯುವ ಸುಮಿತ್ರಕ್ಕನ ಮಾತಿಗೆ ತಲೆಯಾಡಿಸಿದಳೇ ಹೊರತು ನನ್ನ ಕಡೆ ನೋಡಲಿಲ್ಲ.

ಸ್ಕ್ಯಾನ್ ಮಾಡಿದ ಅಂಕಪಟ್ಟಿಯನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಬೇಕಿತ್ತು. ಹೊಸ ಫೈಲು ಮೇಲೆ ಬರುವಂತೆ ಜೋಡಿಸಿ ನೋಡಿದರೆ ಅಂಕಪಟ್ಟಿ ಕಾಣಲಿಲ್ಲ. ಮಮತಾ ಕೆಳಗೆ ಕೆಳಗೆ ಸರಿಸುತ್ತ ಹೋದಳು. ನಾನು ಯಾವ ಕಾಲದಲ್ಲೋ ತೆಗೆದ ಮದುವೆ ಫೋಟೋಗಳೆಲ್ಲ ದಾಟಿ, ತಳದಲ್ಲಿ ಸಿಕ್ಕಿತು.

"ಈಗ ಮಾಡಿದ್ದು ತಳಕ್ಕೆ ಎಂತಕ್ಕೆ ಹೋಯ್ತು ಅತ್ತೆ?" ಎಂದಳು ಮಮತಾ.

ಮೂವರೂ ಒಟ್ಟಿಗೆ ಪರದೆಯ ಬಲಮೂಲೆಗೆ ಕಣ್ಣು ಹಾಯಿಸಿದೆವು. ತಾರೀಕು ಇರುವ ಜಾಗ ಅದು. ಅಲ್ಲಿ ಗಂಧ, ಕುಂಕುಮ, ಗೊಂಡೆ ಹೂವು. ಪೂಜೆಯ ಹೂವನ್ನು ತಾನಾಗಿ ಬೀಳುವವರೆಗೆ ಸುಮಿತ್ರಕ್ಕ ಮುಟ್ಟುತ್ತಿರಲಿಲ್ಲ. ಆ ದಿನ ಎರಡೂ ಕೈಯಿಂದ ತೆಗೆದು, ಕಣ್ಣಿಗೊತ್ತಿಕೊಂಡು, ಗಂಧವನ್ನು ಸೆರಗಿನ ತುದಿಯಿಂದ ಒರೆಸಿದಳು. ಅಡಿಯಲ್ಲಿ ಜನವರಿ ಒಂದು ಎಂದಿತ್ತು. ವರ್ಷ, ಮಮತಾ ಅಂಗನವಾಡಿಗೆ ಹೋಗುತ್ತಿದ್ದ ಕಾಲದ್ದು.

ಆಮೇಲೆ ತಿಳಿದದ್ದು ಇಷ್ಟು. ಕರೆಂಟಿಲ್ಲದಾಗಲೂ ತಾರೀಕು ನೆನಪಿಡಲು ಕಂಪ್ಯೂಟರಿನ ಒಳಗೆ ಕೈಗಡಿಯಾರದಲ್ಲಿರುವಂಥ ಒಂದು ಸೆಲ್ಲು ಇರುತ್ತದೆ. ಅದು ಯಾವಾಗಲೋ ಸತ್ತಿತ್ತು. ಪ್ಲಗ್ಗು ಸದಾ ಗೋಡೆಯಲ್ಲೇ ಇದ್ದು, ಕರೆಂಟು ಹೋದರೂ ಯುಪಿಎಸ್ ಬ್ಯಾಟರಿ ನಡೆಸುತ್ತಿದ್ದುದರಿಂದ ಗೊತ್ತಾಗಿರಲಿಲ್ಲ. ಪೂಜೆಗೆಂದು ಪ್ಲಗ್ಗು ಕಿತ್ತ ರಾತ್ರಿ ಅದು ಎಲ್ಲ ಮರೆತುಬಿಟ್ಟಿತು. ಬೀಗದ ಗುರುತಿನ ಒಂದೊಂದು ಜಾಲತಾಣಕ್ಕೂ ಒಂದು ಗುರುತುಪತ್ರ, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದಂತೆ. ಹಳೇ ವರ್ಷದಲ್ಲಿ ಕೂತ ಕಂಪ್ಯೂಟರಿನ ಪಾಲಿಗೆ ಆ ಗುರುತುಪತ್ರಗಳೆಲ್ಲ ಇನ್ನೂ ಹುಟ್ಟೇ ಇರಲಿಲ್ಲ. ನಾವು ಬೈದದ್ದು ಮಾತ್ರ ಹೊಸ ಲೈನಿಗೆ.

"ದಿನಾ ಕ್ಯಾಲೆಂಡರ್ ನೋಡೂದು ನಾನು, ತಾರೀಕು ಮರ್ತು ಕೂತದ್ದು ಇದು" ಎಂದು ಸುಮಿತ್ರಕ್ಕ ತಾರೀಕು ಸರಿ ಮಾಡಿದಳು. ಮತ್ತೆ ತೆರೆದಾಗ ಬೀಗದ ಗುರುತು ತನ್ನ ಜಾಗದಲ್ಲಿತ್ತು. ಅವಳು ಕೀಬೋರ್ಡನ್ನು ಮಮತಾಳ ಮುಂದೆ ಸರಿಸಿ ಕುರ್ಚಿ ತಿರುಗಿಸಿದಳು. "ಆತಾ?" ಎಂದಾಗ ಅವಳ ದನಿ ನಡುಗಿದ್ದು ನನಗೆ ಕೇಳಿಸಿತು. ಅಷ್ಟು ಹೊತ್ತೂ ಅವಳಿಗೂ ಹೆದರಿಕೆಯೇ ಆಗಿತ್ತು ಎಂದು ನನಗೆ ಆಗ ಹೊಳೆಯಿತು.

ಸೀಟು ಉಳಿಯಿತು. ಮುಂದೊಂದು ದಿನ ನಾನು, ಅವತ್ತು ಒತ್ತಿದ್ದರೂ ಏನೂ ಆಗುತ್ತಿರಲಿಲ್ಲವಲ್ಲ ಎಂದೆ. "ಹೌದು, ಆಗ್ತಿರ್ಲಿಲ್ಲ" ಎಂದು ಒಪ್ಪಿಕೊಂಡಳು. "ಆದ್ರೆ ಅವತ್ತು ನಂಗೆ ಅದು ಗೊತ್ತಿರ್ಲಿಲ್ವಲ್ಲ." ಕುಮಟೆಯಿಂದ ಹೊಸ ಸೆಲ್ಲು ತರಿಸಿದಳು. ಮರುವರ್ಷ ಗಂಧ, ಹೂವು ಮಾನಿಟರಿನ ನೆತ್ತಿಗೇರಿದವು.

ಅದಾದ ಮೇಲೆ ಅವಳಿಗೆ ಇನ್ನೊಂದು ಆಯುಧಪೂಜೆ ಸಿಗಲಿಲ್ಲ. ಹೊಟ್ಟೆಯ ಕಾಯಿಲೆ ಗೊತ್ತಾಗುವಾಗಲೇ ತಡವಾಗಿತ್ತು. ಆಸ್ಪತ್ರೆಯವರು ಮನೆಗೆ ಕಳಿಸಿದ ಮೇಲೆ, ರಜೆಗೆ ಬಂದ ಮಮತಾಳನ್ನು ಕರೆದುಕೊಂಡು ಬಾ ಎಂದು ನನಗೆ ಹೇಳಿ ಕಳಿಸಿದಳು. ನಾವು ಅವಳನ್ನು ನೋಡಿದ್ದು ಅದೇ ಕೊನೆಯ ಸಲ.

ಮಂಚದ ಮೇಲೆ ಸಣ್ಣದಾಗಿ ಮಲಗಿದ್ದಳು. ಸೂಜಿ ಚುಚ್ಚಿ ಚುಚ್ಚಿ ಕೈ ಬಾತು ಬೆರಳು ಮಡಿಸಲಾಗುತ್ತಿರಲಿಲ್ಲ. ಅಂಗಡಿಯ ಕೆಲಸಕ್ಕೆಂದು ಸರ್ಕಾರಿ ಜಾಲತಾಣದಲ್ಲಿ ಅವಳ ಹೆಸರಿನಲ್ಲಿದ್ದ ಖಾತೆಯನ್ನು ಮುಚ್ಚಬೇಕಿತ್ತು. ತಾನು ಹೋದ ಮೇಲೆ ತನ್ನ ಹೆಸರಿನಲ್ಲಿ ಯಾರೂ ಒಳಗೆ ಹೋಗಬಾರದು ಎಂಬುದೊಂದೇ ಅವಳ ಆಸೆ. ಮಮತಾ ಲ್ಯಾಪ್‌ಟಾಪ್ ತೆರೆದಳು. ಸುಮಿತ್ರಕ್ಕ ಮೊದಲು, "ಬೀಗ ಅದೆಯಾ ನೋಡು" ಎಂದಳು. ಇದೆ ಎಂದ ಮೇಲೆ ಮಮತಾಳನ್ನು ಹತ್ತಿರ ಕರೆದು ಕಿವಿಯಲ್ಲಿ ತನ್ನ ಪಾಸ್‌ವರ್ಡ್ ಹೇಳಿದಳು. ಆಯುಷ್ಯವಿಡೀ ಯಾರದ್ದನ್ನೂ ಕೇಳದವಳು ತನ್ನದನ್ನು ಒಬ್ಬರಿಗೆ ಹೇಳಿದ್ದು ಅದೊಂದೇ ಸಲ. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಕಣ್ಣು ಮಂಜಾಗಿ ಹೊರಗಿನದೇನೂ ಕಾಣಲಿಲ್ಲ.

ಮಮತಾ ಹೊಡೆಯತೊಡಗಿದಾಗ ಮಂಚ ಕಿರುಗುಟ್ಟಿತು. ತಿರುಗಿ ನೋಡಿದೆ. ಸುಮಿತ್ರಕ್ಕ ಕಷ್ಟಪಟ್ಟು ಮಗ್ಗುಲು ಬದಲಿಸಿ ಗೋಡೆಯ ಕಡೆ ಮುಖ ಮಾಡಿದ್ದಳು. ಹೊಡೆಯುತ್ತಿದ್ದದ್ದು ಅವಳದೇ ಪಾಸ್‌ವರ್ಡು. ಗೋಡೆಯಲ್ಲಿ ಕ್ಯಾಲೆಂಡರೂ ಇರಲಿಲ್ಲ.

"ಆತಾ?" ಎಂದಳು.

ಮಮತಾ ಕೊನೆಯ ಗುಂಡಿ ಒತ್ತಿದಳು. ಖಾತೆ ಮುಚ್ಚಿತು ಎಂದು ಪರದೆಯ ಮೇಲೆ ಬಂದ ಮೇಲೆ, "ಆತು ಅತ್ತೆ" ಎಂದಳು.

ಸುಮಿತ್ರಕ್ಕ ಈ ಕಡೆ ತಿರುಗಲಿಲ್ಲ. ಬಗ್ಗಿ ನೋಡಿದರೆ ಅವಳಿಗೆ ನಿದ್ದೆ ಹತ್ತಿತ್ತು. ಮಮತಾ ಹೊದಿಕೆ ಸರಿಮಾಡಿದಳು, ನಾವು ಸದ್ದಾಗದಂತೆ ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಬಂದೆವು.