ನೆಗ್ಗಿದ ತಂಬಿಗೆಯ ಗೆರೆ

ನಮ್ಮ ಮನೆಯಲ್ಲೊಂದು ಹಿತ್ತಾಳೆಯ ತಂಬಿಗೆ ಇದೆ. ಅದರ ಹೊಟ್ಟೆಯ ಒಂದು ಮಗ್ಗುಲಿಗೆ ಹೆಬ್ಬೆರಳು ಹುದುಗುವಷ್ಟು ನೆಗ್ಗು ಬಿದ್ದಿದೆ. ಪಾತ್ರೆ ತಿದ್ದುವವರು ಬಾಗಿಲಿಗೆ ಬಂದಾಗಲೆಲ್ಲ ತಟ್ಟಿ ಸರಿ ಮಾಡಿಕೊಡುತ್ತೇವೆಂದು ಕೇಳಿದ್ದಾರೆ. ನನ್ನ ಹೆಂಡತಿ ನೀಲವ್ವ ಒಮ್ಮೆಯೂ ಒಪ್ಪಿಲ್ಲ. ನಾನು ಬಿಸಿಲಿನಿಂದ ಬಂದು ಕಟ್ಟೆಯ ಮೇಲೆ ಕೂತ ಕೂಡಲೆ ಅದೇ ತಂಬಿಗೆಯಲ್ಲಿ ನೀರು ಬರುತ್ತದೆ, ಎತ್ತಿ ಕುಡಿಯುವಾಗ ನನ್ನ ಹೆಬ್ಬೆರಳು ಹೇಳಿಸಿಕೊಳ್ಳದೆ ಆ ನೆಗ್ಗಿನಲ್ಲಿ ಹೋಗಿ ಕೂಡುತ್ತದೆ.

ಗೆಳೆಯರೆ, ಈ ತಂಬಿಗೆಯ ಕತೆಯನ್ನು ನಾನು ಬಹಳ ಜನರಿಗೆ ಹೇಳಿದ್ದೇನೆ. ನೌಕರಿಯಿಂದ ನಿವೃತ್ತನಾದ ದಿನ ಹಾರ ಹಾಕಿಸಿಕೊಂಡು ಹೇಳಿದ್ದೇನೆ, ಬೀಗರ ಪಂಕ್ತಿಯಲ್ಲಿ ಕೂತು ಹೇಳಿದ್ದೇನೆ. ‘ಹೆಂಡತಿಯ ಕೈಯಲ್ಲಿ ಕಲೆ ಇದ್ದದ್ದನ್ನು ಗುರುತಿಸಿ ನಾಲ್ಕು ಜನರ ಮುಂದೆ ತಂದವನು ನಾನು’ ಎಂದು ಮುಗಿಸಿದಾಗ ಜನ ಮೆಚ್ಚಿಕೊಂಡಿದ್ದಾರೆ. ಆಗೆಲ್ಲ ನೀಲವ್ವ ಸೆರಗು ಸರಿಪಡಿಸಿಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಆ ಸುಮ್ಮನಿರುವಿಕೆ ಈಗ ಎಂಬತ್ತೈದು ದಾಟಿದ ನನ್ನ ಕಿವಿಗೆ ಚಪ್ಪಾಳೆಗಿಂತ ಜೋರಾಗಿ ಕೇಳುತ್ತಿದೆ. ಆದ್ದರಿಂದ ಕತೆಯನ್ನು ಇನ್ನೊಮ್ಮೆ, ಆದದ್ದು ಆದಂತೆ, ಹೇಳುತ್ತೇನೆ.

ಕನ್ನಡ ನಾಡು ಒಂದಾಗಿ ಎರಡೋ ಮೂರೋ ಬೇಸಿಗೆ ಕಳೆದಿದ್ದವು. ನಾನು ಹೈಸ್ಕೂಲು ಮುಗಿಸಿ ನಿಡಗುಂದಿಯ ಹತ್ತಿರದ ಹಳ್ಳಿಯೊಂದರಲ್ಲಿ ಕನ್ನಡ ಶಾಲೆಯ ಮಾಸ್ತರನಾಗಿದ್ದೆ. ಕೋಟು ಹೊಲಿಸಿಕೊಂಡಿದ್ದೆ, ಮದುವೆಯಾಗಿದ್ದೆ, ನೌಕರಿ ಮಾತ್ರ ಇನ್ನೂ ಕಾಯಂ ಆಗಿರಲಿಲ್ಲ. ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಬಸವನ ಬಾಗೇವಾಡಿಯಲ್ಲಿ ಚಿತ್ರಕಲೆಯ ವರ್ಗಕ್ಕೆ ಕೂತು ಪಾಸಾದವರದೇ ಮೊದಲು ಕಾಯಂ ಆಗುತ್ತದೆಂಬ ಸುದ್ದಿ ಬಂತು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ಮೂವತ್ತು ಮಂದಿ ಮಾಸ್ತರರು ಬಂದು ಸೇರಿದೆವು. ನಾನು ನೀಲವ್ವನನ್ನೂ ಕರೆದುಕೊಂಡು ಒಂದು ಕೋಣೆ ಹಿಡಿದೆ.

ಕಲಿಸಲು ಬಂದವರು ದಸ್ತಗೀರ ಮಾಸ್ತರರು. ಸಪೂರ ದೇಹ, ಬಿಳಿ ಪೈಜಾಮ, ಉಗುರಿನ ಸಂದಿಯಲ್ಲಿ ಎಂದೂ ತೊಳೆದುಹೋಗದ ಕಪ್ಪು. ಮೊದಲ ದಿನವೇ ಅವರು ನಮ್ಮಿಂದ ತೊಗರಿಕಟ್ಟಿಗೆ ತರಿಸಿದರು. ಅದನ್ನು ಗೇಣುದ್ದ ಕಡಿದು, ಸಿಪ್ಪೆ ತೆಗೆದು, ಹಳೆಯ ಡಬ್ಬಿಯಲ್ಲಿ ಒತ್ತಾಗಿ ತುಂಬಿ, ಮುಚ್ಚಳದ ಸುತ್ತ ಕೆಸರು ಮೆತ್ತಿ, ಕೆಂಡದಲ್ಲಿ ಹುಗಿಸಿದರು. ಡಬ್ಬಿ ಆರಿದ ಮೇಲೆ ಬಿಚ್ಚಿದರೆ ಕಟ್ಟಿಗೆ ಬೂದಿಯಾಗದೆ ಇದ್ದಿಲಾಗಿತ್ತು. ಬೆರಳಿಗೆ ಹಗುರ, ಕಾಗದಕ್ಕೆ ಮೆತ್ತಗೆ, ತಟ್ಟಿದರೆ ಸಣ್ಣಗೆ ಟಣ್ ಎನ್ನುವಂಥದು. ತಪ್ಪಿದ್ದನ್ನು ಅಳಿಸಲು ಬ್ರೆಡ್ಡಿನ ಒಳಗಿನ ಮೆದುವನ್ನು ನಾದಿ ಒತ್ತಬೇಕೆಂದರು. ಅದೂ ರೊಟ್ಟಿಯೇ ಅಲ್ಲವೇ ಎಂದುಕೊಂಡು ಮರುದಿನ ನಾವು ಮೂವತ್ತು ಮಂದಿಯೂ ಮನೆಯ ಖಡಕ್ ಜೋಳದ ರೊಟ್ಟಿ ಹಿಡಿದುಕೊಂಡು ಹೋದೆವು. ಅದರಿಂದ ತಿಕ್ಕಿದ ಕಾಗದಗಳು ಜರಡಿಯಂತಾದವು. ದಸ್ತಗೀರ ಮಾಸ್ತರರು ಒಂದೊಂದೇ ಕಾಗದ ಎತ್ತಿ ಬೆಳಕಿಗೆ ಹಿಡಿದು, “ಇನ್ನ ಮ್ಯಾಲೆ ಯಾರೂ ಅಳಸಬ್ಯಾಡ್ರಿ. ತಪ್ಪಾದ್ರ ತಪ್ಪು ಕಾಣ್ಲಿ. ರೊಟ್ಟಿ ಊಟಕ್ಕ ಇಟ್ಕೋರ್ರಿ” ಎಂದರು.

ಮೊದಲ ಪಾಠ ಅಂಚಿನ ಗೆರೆ. ಕಣ್ಣು ವಸ್ತುವಿನ ಅಂಚಿನ ಮೇಲೆ ಇರುವೆಯಂತೆ ಹರಿಯಬೇಕು, ಕಣ್ಣು ಹರಿದಷ್ಟೇ ಕೈ ಹರಿಯಬೇಕು, ಕಾಗದದ ಕಡೆಗೆ ನೋಡಲೇಬಾರದು. ಕೇಳಲು ಸುಲಭ. ಆದರೆ ಮಾಸ್ತರನಾದವನಿಗೆ ನೋಡುವ ಮೊದಲೇ ತಿಳಿದುಬಿಟ್ಟಿರುತ್ತದೆ, ಅದೇ ನನ್ನ ರೋಗ. ತಂಬಿಗೆಯ ಬಾಯಿ ಗುಂಡಗಿರುತ್ತದೆ ಎಂದು ನನಗೆ ಗೊತ್ತು. ಆದ್ದರಿಂದ ಎದುರಿಗಿದ್ದ ಬಾಯಿ ಚಪ್ಪಟೆಯಾಗಿ ಕಂಡರೂ ನಾನು ರೂಪಾಯಿಯಷ್ಟು ಗುಂಡಗೆ ಬರೆದೆ. ಎಷ್ಟೋ ಮನುಷ್ಯರನ್ನೂ ನಾನು ಹೀಗೆಯೇ ನೋಡದೆ ಬರೆದುಬಿಟ್ಟಿದ್ದೇನೆಂದು ಆಗ ಹೊಳೆಯಲಿಲ್ಲ.

ಮನೆಯ ಒಂದು ವಸ್ತುವನ್ನು ಬರೆದು ತನ್ನಿ ಎಂದು ಮಾಸ್ತರರು ಹೇಳಿದರು. ತವರುಮನೆಯಿಂದ ಬರುವಾಗ ಬಂಡಿಯಿಂದ ಬಿದ್ದು ನೆಗ್ಗಿದ್ದ ನೀಲವ್ವನ ತಂಬಿಗೆಯನ್ನೇ ಎದುರಿಗಿಟ್ಟುಕೊಂಡು ಕೂತೆ. ನೆಗ್ಗು ಬಿಟ್ಟು ಬರೆದೆ. ಮನೆಯ ಊನವನ್ನು ಊರಿಗೆ ಯಾಕೆ ತೋರಿಸಬೇಕೆಂದು. ನೀಲವ್ವ ಹೆಗಲ ಮೇಲಿಂದ ಬಗ್ಗಿ ನೋಡಿ, “ಇದು ಯಾರ ಮನಿ ತಂಬಿಗಿ?” ಎಂದಳು. ನನಗೆ ಸಿಟ್ಟು ಬಂತು. “ನೀನ ಬರದ ತೋರಸ” ಎಂದು ಇದ್ದಿಲನ್ನು ಅವಳ ಮುಂದೆ ಎಸೆದೆ.

ಅವಳು ಎಡಗೈಯಿಂದ ಎತ್ತಿಕೊಂಡಳು. ನೀಲವ್ವ ಎಡಚಿ. ಊಟ, ಆರತಿ, ಬಾಗಿಲ ಮುಂದಿನ ರಂಗೋಲಿ ಎಲ್ಲವನ್ನೂ ಬಲಗೈಯಿಂದಲೇ ಮಾಡಬೇಕೆಂದು ಹೊಡೆದು ಕಲಿಸಿದ್ದರು; ಇದ್ದಿಲು ಹಿಡಿಯುವ ಕೈ ಯಾವುದೆಂದು ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಒಂದಕ್ಷರ ಬರುತ್ತಿರಲಿಲ್ಲ. ತಂಬಿಗೆಯನ್ನೇ ದಿಟ್ಟಿಸುತ್ತ, ಒಂದು ಸಲವೂ ಕಾಗದ ನೋಡದೆ, ಗೆರೆ ಎಳೆದಳು. ನೆಗ್ಗಿನ ಹತ್ತಿರ ಬಂದಾಗ ಅವಳ ಕೈ ನಿಧಾನವಾಯಿತು, ಗಾಯ ಸವರಿದ ಹಾಗೆ. ನೆರಳಿನ ಬಗ್ಗೆ ಮಾಸ್ತರರು ಹೇಳಿದ್ದನ್ನು ನಾನು ಒಪ್ಪಿಸುತ್ತ ಹೋದಂತೆ ನೆರಳನ್ನೂ ತುಂಬಿದಳು. ಹೊಳೆಯುವ ಕಡೆ ಏನೂ ಹಚ್ಚದೆ ಬಿಟ್ಟಳು. ಬೆಳಕನ್ನು ಯಾರೂ ಬರೆಯಲಾರರು, ಅದಕ್ಕೆ ಜಾಗ ಬಿಡಬಹುದು ಅಷ್ಟೆ ಎಂಬುದನ್ನು ನಾನು ಅವಳಿಂದ ಕಂಡೆ.

ಕಂಡು ಏನು ಮಾಡಿದೆ? ಆ ಚಿತ್ರವನ್ನು ನನ್ನದೆಂದು ಒಯ್ದು ಕೊಟ್ಟೆ.

ದಸ್ತಗೀರ ಮಾಸ್ತರರು ಬಹಳ ಹೊತ್ತು ನೋಡಿದರು. “ಎಲ್ಲಾರೂ ಅಂಗಡಿ ತಂಬಿಗಿ ಬರದೀರಿ. ಇದೊಂದು ಮನಿ ತಂಬಿಗಿ” ಎಂದರು. ಆಮೇಲೆ ಧ್ವನಿ ತಗ್ಗಿಸಿ, “ಚನ್ನಪ್ಪ ಮಾಸ್ತರ, ನೆರಳಿನ ಗೆರಿ ಎಲ್ಲಾ ಎಡಕ್ಕ ವಾಲ್ಯಾವಲ್ರಿ?” ಎಂದರು.

“ಮನ್ಯಾಗ ಎಡಗೈಲೆ ರೂಢಿ ಮಾಡಾಕತ್ತೇನ್ರಿ.”

“ಹೌದೇನ್ರಿ? ಆ ಎಡಗೈಗೆ ನಂದೊಂದು ಸಲಾಮ್ ಹೇಳ್ರಿ.”

ಅಷ್ಟೇ ಹೇಳಿ ಅವರು ಮುಂದಿನ ಸಾಲಿಗೆ ಹೋದರು. ಸಲಾಮನ್ನು ನಾನು ತಲುಪಿಸಲಿಲ್ಲ.

ವರ್ಗ ಮುಗಿಯುತ್ತ ಬಂದಾಗ ಎರಡು ದಿನ ಪ್ರದರ್ಶನವಿತ್ತು. ಬಾಗಿಲ ಎದುರಿನ ಗೋಡೆಗೆ ನಡುವೆ ನೀಲವ್ವನ ತಂಬಿಗೆ, ಅದರ ಕೆಳಗೆ ಚೀಟಿಯಲ್ಲಿ ದಪ್ಪ ಅಕ್ಷರದ ನನ್ನ ಹೆಸರು. ಮೊದಲ ದಿನ ಊರವರು ನೋಡಲು ಬಂದರು, ಬಾಜು ಮನೆಯ ಹುಸೇನಬಿಯ ಜೊತೆಯಲ್ಲಿ ನೀಲವ್ವನೂ ಬಂದಳು. ಹುಸೇನಬಿ ಬೇರೆ ಗೋಡೆಯ ಹತ್ತಿರ ಇದ್ದಾಗ ನೀಲವ್ವ ತನ್ನ ಚಿತ್ರದ ಮುಂದೆ ನಿಂತು, ಚೀಟಿಯ ಕಡೆ ಬೆರಳು ಮಾಡಿ, ನನ್ನನ್ನು ಮೆಲ್ಲಗೆ ಕೇಳಿದಳು: “ಅದರಾಗ ಯಾರ ಹೆಸರ ಐತ್ರಿ?”

ಗೆಳೆಯರೆ, ನನ್ನ ಕತೆಯಲ್ಲಿ ನಾನು ಪ್ರತಿ ಸಲ ಬ್ರೆಡ್ಡು ಒತ್ತಿ ಅಳಿಸಿದ್ದು ಇದೇ ಜಾಗವನ್ನು. ಅವಳಿಗೆ ಓದಲು ಬರುವುದಿಲ್ಲ ಎಂಬ ಧೈರ್ಯದಲ್ಲಿ, ಅವಳ ಮುಖ ನೋಡಿಕೊಂಡೇ ಹೇಳಿದೆ: “ನಿಂದ ಐತಿ.”

ಅವಳ ಕಣ್ಣು ತುಂಬಿದವು. ಬಹಳ ಹೊತ್ತು ಆ ಅಕ್ಷರಗಳ ಅಂಚನ್ನೇ ನೋಡುತ್ತ ನಿಂತಳು, ತಂಬಿಗೆಯನ್ನು ನೋಡಿದ ಹಾಗೆಯೇ. ನನಗೆ ಆಗಲೇ ಹೆದರಿಕೆಯಾಗಬೇಕಿತ್ತು.

ಸಂಜೆಯ ಬಿಸಿಲು ಇಳಿಯುವ ಮೊದಲು ನಾನು ಕೋಣೆಗೆ ಬಂದರೆ, ಒಲೆಯ ಪಕ್ಕದ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಲ್ಲಿ, ಚೀಟಿಯಲ್ಲಿದ್ದ ಅಕ್ಷರಗಳೇ, ಒಂದು ತಲೆಕಟ್ಟು ಒಂದು ಒತ್ತು ತಪ್ಪದೆ, ಮೊಳದುದ್ದ ನಿಂತಿದ್ದವು: ಚನ್ನಪ್ಪ. ತನ್ನ ಹೆಸರೆಂದು ತಿಳಿದು ಅವಳು ಬಾಯಿಪಾಠ ಮಾಡಿದ ಹಾಗೆ ಕಣ್ಣಿನಲ್ಲಿ ಹಿಡಿದು ತಂದು ಬರೆದಿದ್ದಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ನಾನು ಬರುವ ಮೊದಲು, ನಾಲ್ಕನೆಯ ಇಯತ್ತೆ ಓದಿದ್ದ ಹುಸೇನಬಿ ಹಿಟ್ಟು ಕೇಳಲು ಬಂದವಳು ಗೋಡೆ ನೋಡಿ ನಕ್ಕಿದ್ದಳಂತೆ: “ಏನ ನೀಲವ್ವಾ, ಬಾಯಿಲೆ ಹೇಳಾಕ ನಾಚತಿ, ಗೋಡಿ ತುಂಬ ಗಂಡನ ಹೆಸರ ಬರದೀಯಲ್ಲ.”

ನೀಲವ್ವ ನನ್ನ ಮುಂದೆ ತಂಬಿಗೆಯಲ್ಲಿ ನೀರು ಇಟ್ಟಳು. “ಗೋಡಿ ಮ್ಯಾಲೆ ಏನ ಬರದದ, ಓದ್ರಿ” ಎಂದಳು.

ನಾನು ತಂಬಿಗೆಗೆ ಕೈ ಚಾಚಿದೆ.

“ಓದ್ರಿ ಮಾಸ್ತರ. ನನಗರ ಓದಾಕ ಬರೂದಿಲ್ಲ.”

ಓದಿದೆ. ನನ್ನ ಹೆಸರು ನನ್ನ ಬಾಯಲ್ಲಿ ಅಷ್ಟು ಕಹಿಯಾದದ್ದು ಅದೊಂದೇ ಸಲ. ಅವಳು ಅಳಲಿಲ್ಲ, ಬಯ್ಯಲಿಲ್ಲ. “ಗಂಡನ ಹೆಸರ ಒರಸಬಾರದು, ಅದು ಅಲ್ಲೇ ಇರ್ಲಿ. ಅದರ ಬಾಜೂಕ ನಂದ ಬರೀರಿ. ಈ ಸಲ ಖರೇ ಬರೀರಿ, ಹುಸೇನಬಿ ಕಡಿಂದ ಓದಿಸಿ ನೋಡ್ತೇನಿ” ಎಂದಳು. ಬರೆದೆ. ಹುಸೇನಬಿಯನ್ನು ಕರೆಸಿ ಓದಿಸಿದಳು. ಆಮೇಲೆ ಅದನ್ನು ನೋಡುತ್ತ, ಕೈಯನ್ನು ನೋಡದೆ, ಕತ್ತಲಾಗುವವರೆಗೂ ನೆಲದ ಮೇಲೆ ಬರೆದಳು.

ಮರುದಿನ ಇಲಾಖೆಯ ಮೇಲಿನವರು ನೋಡಲು ಬರುವವರಿದ್ದರು. ಉಳಿದ ಮಾಸ್ತರರೆಲ್ಲ ಕೋಟಿನ ಗುಂಡಿ ಹಾಕಿಕೊಂಡು ಸಾಲಾಗಿ ನಿಂತಿದ್ದರು. ನಾನು ಅವಳನ್ನು ‘ಕರೆತಂದೆ’ ಎಂದು ಇಷ್ಟು ವರ್ಷ ಹೇಳಿದ್ದು ಸುಳ್ಳು. ಅವಳು ಮುಂದೆ ನಡೆದಳು, ನಾನು ಹಿಂದೆ ಬಂದೆ, ನೌಕರಿ ಹೋಯಿತೆಂದುಕೊಂಡೇ ಬಂದೆ. ಅವಳು ನೇರವಾಗಿ ಎದುರಿನ ಗೋಡೆಗೆ ಹೋಗಿ, ಸೊಂಟದಿಂದ ತೊಗರಿಕಟ್ಟಿಗೆಯ ಇದ್ದಿಲು ತೆಗೆದಳು.

“ನೀವ್ಯಾರವಾ?” ಎಂದರು ಬಂದ ಸಾಹೇಬರು.

“ತಂಬಿಗಿ ಬರದಾಕಿರಿ” ಎಂದಳು, ತಿರುಗಿ ನೋಡದೆ. ಎಡಗೈಯಿಂದ, ಚಿತ್ರದ ಮೂಲೆಯಲ್ಲಿ, ಮೂರಕ್ಷರ ಇಳಿಸಿದಳು: ನೀಲವ್ವ.

ದಸ್ತಗೀರ ಮಾಸ್ತರರು ಮುಂದೆ ಬಂದು ನನ್ನ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಹಣೆಗೆ ಕೈ ಮುಟ್ಟಿಸಿ, “ಸಲಾಮ್ ಮುಟ್ಟಿತೋ ಇಲ್ಲೋ ತಂಗೀ?” ಎಂದರು. ಆಕೆ ನನ್ನ ಕಡೆ ನೋಡಿದಳು. “ಈಗ ಮುಟ್ಟಿತ್ರಿ ಅಣ್ಣಾರ” ಎಂದಳು. ಸಿಂದಗಿಯ ಕಡೆಯ ವಯಸ್ಸಾದ ಮಾಸ್ತರರೊಬ್ಬರು ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ಛಾವಣಿ ಹಾರುವಂತೆ ಎಲ್ಲರೂ ತಟ್ಟಿದರು, ಸಾಹೇಬರೂ ತಟ್ಟಿದರು.

“ಹಂಗಾರ ನಿಮ್ಮದು ಎಲ್ಲೈತ್ರಿ?” ಎಂದು ದಸ್ತಗೀರ ಮಾಸ್ತರರು ನನ್ನ ಮುಂದೆ ನಿಂತರು. ಚೀಲದ ಅಡಿಯಿಂದ ನನ್ನ ಗುಂಡು ಬಾಯಿಯ, ನೆಗ್ಗಿಲ್ಲದ ತಂಬಿಗೆಯನ್ನು ತೆಗೆದುಕೊಟ್ಟೆ. ಅವರು ಅದನ್ನು ನೀಲವ್ವನ ಚಿತ್ರದ ಕೆಳಗೆ ಚುಚ್ಚಿ, ಜೇಬಿನಿಂದ ಚೀಟಿ ತೆಗೆದು ಅದರಡಿ ಅಂಟಿಸಿದರು. ಜನ ನಕ್ಕರು. ನಾನೂ ನಕ್ಕೆ, ಇಷ್ಟು ದಿನ ಎದೆಯ ಮೇಲೆ ಕೂತಿದ್ದದ್ದು ಆ ನಗುವಿನಲ್ಲಿ ಎದ್ದು ಹೋಯಿತು. ಪರೀಕ್ಷೆಗೆ ಇನ್ನೂ ಒಂದು ವಾರವಿತ್ತು. ಆ ವಾರ ನೀಲವ್ವ ನನ್ನ ಕಾಗದದ ಮೇಲೆ ಸೆರಗು ಮುಚ್ಚಿ, “ಕಣ್ಣು ಅಲ್ಲಿಡ್ರಿ” ಎಂದು ಬರೆಸಿದಳು. ಕಡಿಮೆ ಅಂಕದಲ್ಲಿ, ಆದರೆ ನನ್ನದೇ ಕೈಯಲ್ಲಿ, ಪಾಸಾದೆ. ಅವಳು ಆ ಮೂರಕ್ಷರದಿಂದ ಹೊರಟು ಉಳಿದ ಅಕ್ಷರಗಳನ್ನೆಲ್ಲ ಅಂಚು ಹಿಡಿದೇ ಕಲಿತಳು. ನಮ್ಮ ಮಕ್ಕಳ ಪಾಟಿಯ ಮೇಲೆ ಮೊದಲ ಅ ಬರೆದದ್ದು ಅವಳ ಎಡಗೈ.

ಇದನ್ನು ಬರೆದು ಮುಗಿಸಿದ ಮೇಲೆ ಅವಳ ಕೈಗೆ ಕೊಟ್ಟೆ. ಕನ್ನಡಕ ಏರಿಸಿಕೊಂಡು, ಸಾಲಿನ ಕೆಳಗೆ ಬೆರಳು ಇಟ್ಟುಕೊಂಡು, ಕಟ್ಟೆಯ ಮೇಲೆ ಕೂತು ಓದಿದಳು. ‘ನಿಂದ ಐತಿ’ ಎಂಬಲ್ಲಿ ಬೆರಳು ನಿಂತಿತು.

“ಅಂತೂ ನೆಗ್ಗ ಬರದ್ರಿ” ಎಂದಳು.

ಎದ್ದು ಹೋಗಿ ನೀರು ತಂದಿಟ್ಟಳು. ಎತ್ತಿಕೊಂಡೆ. ಇಷ್ಟು ವರ್ಷ ನನ್ನ ಹೆಬ್ಬೆರಳು ಆ ನೆಗ್ಗಿನಲ್ಲಿ ಅಡಗಿ ಕೂಡುತ್ತಿತ್ತೇನೋ. ಇಂದು ನಾನೇ ತಂಬಿಗೆಯನ್ನು ಬೆಳಕಿಗೆ ತಿರುಗಿಸಿ, ಬೆರಳು ಸರಿಸಿ, ಅದನ್ನು ನೋಡಿದೆ. ಉಳಿದ ಹಿತ್ತಾಳೆಗಿಂತ ಆ ತಗ್ಗಿನ ದಂಡೆಯೇ ಹೆಚ್ಚು ಹೊಳೆಯುತ್ತಿತ್ತು. ನೀರನ್ನು ಗಟಗಟ ಕುಡಿದೆ.